ಫಿಲ್ಟರ್ ಕಾಗದದ ಮೇಲೆ ಉಳಿದ ಹಸಿರು

ಸರ್,

'ಪೂಜ್ಯ ಗುರುಗಳಿಗೆ' ಎಂದು ಬರೆದು ಹೊಡೆದುಹಾಕಿದೆ. 'ಪ್ರೀತಿಯ' ಎಂದು ಬರೆದೆ, ನನಗೇ ನಗು ಬಂತು. ಕೊನೆಗೆ ಉಳಿದದ್ದು ಬರೀ ಸರ್. ನಿಮ್ಮ ಮೈಸೂರಿನ ಕಡೆ 'ಇತ್ತ ಎಲ್ಲರೂ ಕ್ಷೇಮ' ಎಂದು ಬರೆಯದೆ ಕಾಗದ ಮುಂದಕ್ಕೇ ಹೋಗುವುದಿಲ್ಲ ಎಂದು ನೀವೇ ಒಮ್ಮೆ ನಗಾಡಿದ್ದಿರಿ. ಇತ್ತ ಕ್ಷೇಮವಿಲ್ಲ ಸರ್. ನಮ್ಮ ಕೆರೆಯ ಮೆಟ್ಟಿಲಿಗೆ ಕಬ್ಬಿಣದ ಗೇಟು ಬಂದಿದೆ, ಗೇಟಿಗೆ ಬೀಗ ಬಿದ್ದಿದೆ, ಬೀಗ ಬಿದ್ದದ್ದು ನಿಮ್ಮ ಸಹಿಯ ಬಲದಿಂದ. ಹೋದವರ ಮೇಲೆ ಸಿಟ್ಟು ನಿಲ್ಲುವುದಿಲ್ಲ ಎಂದು ಎಲ್ಲರೂ ಸಮಾಧಾನ ಹೇಳಿದರು. ನನ್ನದು ನಿಂತಿದೆ, ಚೆನ್ನಾಗಿಯೇ ನಿಂತಿದೆ. ಎದುರಿಗೆ ಕೂರಿಸಿಕೊಂಡು ಬೈಯಬೇಕೆಂದಿದ್ದೆ, ಅಷ್ಟರಲ್ಲಿ ನೀವು ಹೊರಟೇಬಿಟ್ಟಿರಿ. ನಿನ್ನೆ ನಿಮ್ಮ ಮನೆಯಲ್ಲಿ ಒಂದು ಮಾತು ನಡೆಯಿತು, ಅದನ್ನು ನಿಮಗೆ ತಿಳಿಸದೆ ನನಗೆ ನಿದ್ದೆ ಇಲ್ಲ. ಆದರೆ ಮೊದಲು ಬೈಗುಳ, ಆಮೇಲೆ ಸುದ್ದಿ.

ಪರೇಲಿನ ಕಾಲೇಜಿನ ಆ ಲ್ಯಾಬು ನೆನಪಿದೆಯೇ? ಹಳೇ ಮಿಲ್ಲಿನ ಗೋಡೆ ಕಾಣುವ ಕಿಟಕಿ, ಅದರ ಪಕ್ಕ ನಿಮ್ಮ ಮೈಕ್ರೋಸ್ಕೋಪು. ಎಂಎಸ್ಸಿಗೆ ಸೇರಿದ ಮೊದಲ ದಿನ ಹಾಜರಿ ಕೂಗುತ್ತಾ ನನ್ನ ಹೆಸರಿಗೆ ನಿಂತಿರಿ. "ಕಸ್ತೂರಿ, ಮನೇಲಿ ಯಾವ ಭಾಷೆ?" ಎಂದು ಹಿಂದಿಯಲ್ಲಿ ಕೇಳಿದಿರಿ. ಕನ್ನಡ ಎಂದೆ. "ಅಯ್ಯೋ ಶಿವನೇ, ಈ ರೂಮಲ್ಲಿ ಕನ್ನಡ ಕೇಳಿ ಎಷ್ಟು ಕಾಲ ಆಯ್ತಮ್ಮ!" ಎಂದು ಇಡೀ ಕ್ಲಾಸಿನ ಮುಂದೆ ಕುಣಿಯುವುದೊಂದು ಬಾಕಿ. ಮರಾಠಿ ಹುಡುಗಿಯರು ನನ್ನನ್ನೇ ನೋಡಿದರು, ನಾನು ನಾಚಿಕೆಯಿಂದ ಬೆಂಚಿನ ಕೆಳಗೆ ಸೇರಿಕೊಳ್ಳುವ ಹಾಗಾದೆ. ಕ್ಲಾಸು ಮುಗಿದ ಮೇಲೆ ಕರೆದು ಒಂದು ಹನಿ ನೀರು ತೋರಿಸಿದಿರಿ. ಅದರೊಳಗೆ ಒಂದು ನೀರುಚಿಗಟ, ಗಾಜಿನಂಥ ಮೈ, ಬೆನ್ನೊಳಗೆ ಮೊಟ್ಟೆ. "ನೋಡಮ್ಮ, ಬಸುರಿ. ಈ ನೀರಲ್ಲಿ ಊಟ ಸಿಗತ್ತೆ, ಉಸಿರೂ ಸಿಗತ್ತೆ ಅಂತ ಇವಳು ಸಾಕ್ಷಿ ಹೇಳ್ತಿದಾಳೆ" ಎಂದಿರಿ. ಆ ಹೊತ್ತಿನಿಂದ ನಾನು ನಿಮ್ಮವಳಾದೆ, ಸುಳ್ಳೇಕೆ ಹೇಳಲಿ.

ಆ ಹನಿ ಎಲ್ಲಿಯದು ಎಂದು ನಾನು ಕೇಳಿದ್ದಕ್ಕೆ ನೀವು ಒಂದು ಜಾಗದ ಹೆಸರು ಹೇಳಿದಿರಿ. ಅದು ನಮ್ಮ ಖದಾನ್! ವಿಕ್ರೋಳಿಯ ಆಚೆ ಗುಡ್ಡದ ಬುಡದಲ್ಲಿ ನಮ್ಮಪ್ಪ ಕಲ್ಲು ಒಡೆದ ಗಣಿ. ವಿಜಾಪುರದ ಕಡೆಯಿಂದ ಬಂದವರು ಗುಡ್ಡ ಕಡಿದರು, ಈ ಊರಿಗೆ ಜಲ್ಲಿ ಕೊಟ್ಟರು. ಗಣಿ ನಿಂತ ಮೇಲೆ ಗುಂಡಿಯಲ್ಲಿ ಮಳೆನೀರು ತುಂಬಿ ಕೆರೆಯಾಯಿತು. ಕಲ್ಲು ಒಡೆದವರೇ ಒಂದು ಮಗ್ಗುಲಿಗೆ ಮೆಟ್ಟಿಲು ಕಡಿದು ಘಾಟು ಮಾಡಿಕೊಂಡರು, ಅದರ ಮೇಲಿನ ಏರಿನಲ್ಲಿ ಸಾಲುಮನೆಗಳ ನಮ್ಮ ಚಾಳು ಬೆಳೆಯಿತು. ಕಾಲೇಜಿನಲ್ಲಿ ಯಾರಿಗೂ ಹೇಳದ ವಿಳಾಸವನ್ನು ನಿಮಗೆ ಹೇಳಿದೆ. ನೀವು "ಹಂಗಾದ್ರೆ ನೀನು ನನ್ನ ಕೆರೆ ಯಜಮಾನ್ತಿ ಬಿಡು" ಎಂದಿರಿ. ಆ ಮಾತಿಗೆ ನಾನು ಉಬ್ಬಿಹೋದೆ.

ನೀವು ನಮ್ಮ ಮನೆಗೆ ಮೊದಲು ಬಂದ ದಿನ ಅವ್ವ ಗಾಬರಿಬಿದ್ದು ಇರುವ ಕೌದಿಗಳಲ್ಲೆಲ್ಲ ಹೊಸದನ್ನು ಹಾಸಿದಳು. "ಕೂಡ್ರಿ ಮಾಸ್ತರ, ಬರೇ ನೆಲದ ಮ್ಯಾಲೆ ಕೂಡಬ್ಯಾಡ್ರಿ" ಎಂದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ನೀವು ಕಣ್ಣಲ್ಲಿ ನೀರು ಹಾಕಿಕೊಂಡು ಖಾರ ತಿಂದಿರಿ, ಬೇಡ ಎನ್ನಲಿಲ್ಲ. ಹಳೇ ಸೀರೆ, ಹಳೇ ಲುಂಗಿ, ಅಪ್ಪನ ಹರಿದ ಅಂಗಿ, ಎಲ್ಲ ಸೇರಿಸಿ ಹೊಲಿದ ಆ ಕೌದಿಯನ್ನು ಕೈಯಾಡಿಸಿ ನೋಡಿ, "ಇಷ್ಟು ದಪ್ಪ ಇದೆ, ಇದನ್ನ ಒಗೆಯೋದು ಹೇಗಮ್ಮಾ?" ಎಂದು ಕೇಳಿದಿರಿ. ಅವ್ವನಿಗೆ ಅದೇ ಬೇಕಿತ್ತು. "ಮಹಾನವಮಿ ಮುಂದ ಬರ್ರಿ, ತೋರಸ್ತೀನಿ. ಘಟ ಹಾಕೂಕ್ಕಿಂತ ಮೊದಲ ಮನಿಯಾಗಿನ ಹಾಸಿಗಿ ಹೊದಿಕಿ ಒಂದೂ ಬಿಡದಂಗ ಒಗೀಬೇಕು. ಮೈಲಿಗಿ ಕೌದಿ ಮನ್ಯಾಗ ಇದ್ರ ತಾಯಿ ಹೊಸ್ತಲಾ ದಾಟೂದಿಲ್ಲರಿ." ನೀವು ಬಂದಿರಿ ಕೂಡ. ಘಾಟಿನ ತುಂಬ ಹೆಂಗಸರು, ನೆನೆದ ಕೌದಿಯನ್ನು ಇಬ್ಬಿಬ್ಬರು ಎರಡು ತುದಿ ಹಿಡಿದು ಹಿಂಡುವುದು, ಬಂಡೆಯ ಮೇಲೆಲ್ಲ ಬಣ್ಣಬಣ್ಣದ ಕೌದಿ. ಫೋಟೋ ತೆಗೆದು ಕಾಲೇಜಿನ ಗೋಡೆಗೆ ಅಂಟಿಸಿದ್ದಿರಿ. ಅವತ್ತು ಆ ಸಾಬೂನು ನಿಮಗೆ ವಿಷವಾಗಿ ಕಾಣಿಸಲಿಲ್ಲ, ಅಲ್ಲವೇ?

ಒಂದು ಪಾಠವನ್ನಂತೂ ನೀವು ಪ್ರತಿ ವರ್ಷ ಅದೇ ಅಭಿನಯದೊಂದಿಗೆ ಮಾಡುತ್ತಿದ್ದಿರಿ. ಕೆರೆಗೆ ಹೊಲಸು ನೀರು ಬಂದರೆ ಅದರ ಜೊತೆ ಫಾಸ್ಫೇಟ್ ಬರುತ್ತದೆ. ಅದು ನೀರಲ್ಲಿ ತೇಲುವ, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿಗೆ ಗೊಬ್ಬರ. ಅವು ತಿಂದು ಬೆಳೆದು ನೀರನ್ನೇ ಹಸಿರು ಮಾಡುತ್ತವೆ. ಆ ಹೊತ್ತಿನಲ್ಲಿ ದಡ್ಡನೊಬ್ಬ ಬಂದು ನೀರು ಸೋಸಿ, ಸೋಸಿದ ನೀರಲ್ಲಿ ಫಾಸ್ಫೇಟ್ ಹುಡುಕಿದರೆ ಏನು ಸಿಗುತ್ತದೆ? ಏನೂ ಇಲ್ಲ. ಎಲ್ಲ ಫಿಲ್ಟರ್ ಕಾಗದದ ಮೇಲೆ ಹಸಿರಾಗಿ ಕೂತಿರುತ್ತದೆ. ನೀವು ಮೇಜು ಕುಟ್ಟಿ ಹೇಳುತ್ತಿದ್ದಿರಿ: "ತಟ್ಟೆ ಖಾಲಿ ಇದೆ ಅಂತ ಊಟಾನೇ ಬಡಿಸಿಲ್ಲ ಅನ್ನಬೇಡಿ. ತಿಂದೋನ ಹೊಟ್ಟೆ ನೋಡಿ!" ನಿಮ್ಮ ಕೈಯಲ್ಲಿ ಕಲಿತ ಯಾರನ್ನಾದರೂ ಕೇಳಿ, ಆ ಮಾತು ಬಾಯಿಪಾಠ. ಈಗ ವಿಕ್ರೋಳಿಯ ಲ್ಯಾಬಿನಲ್ಲಿ ದಿನಾ ನೀರು ಪರೀಕ್ಷೆ ಮಾಡುವ ನಾನು, ಜೊತೆಗೆ ಕೆಲಸ ಮಾಡುವವರಿಗೆ ಅದನ್ನೇ ಹಿಂದಿಯಲ್ಲಿ ಹೇಳಿಕೊಡುತ್ತೇನೆ.

ನೀವು ರಿಟೈರ್ ಆಗಿ ಮನೆ ನೋಡುತ್ತಿದ್ದ ದಿನಗಳಲ್ಲಿ ನಮ್ಮ ಖದಾನಿನ ಆಚೆ ದಡದಲ್ಲಿ ಮೂರು ಟವರು ಎದ್ದವು. ಅದರಲ್ಲೊಂದರಲ್ಲಿ ಫ್ಲ್ಯಾಟ್ ತೆಗೆದುಕೊಂಡಿರಿ ಎಂದು ಕೇಳಿ ನನಗೆಷ್ಟು ಖುಷಿಯಾಯಿತು ಗೊತ್ತೇ? ಸರ್ ಇನ್ನು ನಮ್ಮ ನೆರೆಯವರು! ಬಾಲ್ಕನಿಯಲ್ಲಿ ನಿಂತು, "ನೋಡು ಕಸ್ತೂರಿ, ಜೀವಮಾನ ಪೂರ್ತಿ ಓದಿದ ಪುಸ್ತಕ ಕಿಟಕಿ ಕೆಳಗೇ ಬಿದ್ದಿದೆ" ಎಂದಿರಿ. ಕೆಳಗೆ ದಡದಲ್ಲಿ ಟವರಿನ ದಪ್ಪ ಪೈಪು ಕಾಣುತ್ತಿತ್ತು. ಕಕ್ಕಸು ಬಚ್ಚಲಿನ ನೀರನ್ನೆಲ್ಲ ಪ್ಲಾಂಟಿನಲ್ಲಿ ಶುದ್ಧ ಮಾಡಿ ಬಿಡುತ್ತೇವೆ ಎಂದು ಟವರಿನ ಮನೆಯವರ ಸೊಸೈಟಿಯ ಮಾತು. ಪ್ಲಾಂಟೇನೋ ಇದೆ. ಅದು ಓಡುವ ಸದ್ದು ಯಾವಾಗ ಕೇಳುತ್ತದೆ, ಯಾವಾಗ ಕೇಳುವುದಿಲ್ಲ ಎಂಬುದು ನಿಮಗೆ ಬಾಲ್ಕನಿಯಿಂದಲೇ ಗೊತ್ತಿತ್ತು. ನೀವೇ ಒಂದು ಸಲ ಕಿವಿಗೊಟ್ಟು ಕೇಳಿ, "ಇವತ್ತೂ ಮಲಗಿದೆ ನೋಡು" ಎಂದು ನಕ್ಕಿದ್ದಿರಿ.

ಸೊಸೈಟಿಯವರು ಗಣೇಶೋತ್ಸವದಲ್ಲಿ ನಿಮಗೆ ಶಾಲು ಹೊದಿಸಿದ ಸಂಜೆ ನಾನೂ ಇದ್ದೆ. ಕಮಿಟಿ ಸೆಕ್ರೆಟರಿ, ಆ ಉಡುಪಿ ಕಡೆಯವರು, ಮೈಕಿನಲ್ಲಿ ನಿಮ್ಮನ್ನು 'ನಮ್ಮ ಟವರಿನ ಹೆಮ್ಮೆ' ಎಂದರು. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಪರಿಸರ ಸಲಹೆಗಾರರು ಎಂದು ನಿಮ್ಮ ಹೆಸರು ಬರೆಸಿದರು. ರಿಟೈರ್ ಆದಮೇಲೆ ಕಾಲೇಜಿನವರು ಫೋನೂ ಮಾಡುವುದಿಲ್ಲ ಎಂದು ಕೊರಗುತ್ತಿದ್ದ ನಿಮ್ಮ ಮುಖ ಅವತ್ತು ಹೊಳೆಯುತ್ತಿತ್ತು. ನನಗೂ ಸಂತೋಷವೇ ಆಯಿತು, ಚಪ್ಪಾಳೆ ತಟ್ಟಿದೆ. ಅಷ್ಟು ಸಾಕಾಯಿತೇ ಸರ್? ಒಂದು ಶಾಲು, ಒಂದು ಬೋರ್ಡು, ಲಿಫ್ಟಿನಲ್ಲಿ ನಾಲ್ಕು ಜನ ನಮಸ್ಕಾರ ಹೊಡೆಯುವುದು... ದುಡ್ಡು ತಿಂದಿದ್ದರೆ ನನಗೆ ನಿಮ್ಮನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ನೀವು ಒಂದು ಪೈಸೆ ಮುಟ್ಟಲಿಲ್ಲ, ಅದು ನನಗೆ ಗೊತ್ತು.

ಹೋದ ವರ್ಷ ಮಳೆ ನಿಂತು ಅಕ್ಟೋಬರಿನ ಬಿಸಿಲು ಬಿದ್ದಾಗ ಕೆರೆ ಹಸಿರಾಯಿತು. ಸುಮ್ಮನೆ ಹಸಿರಲ್ಲ, ಪೇಂಟು ಸುರಿದ ಹಾಗೆ. ಟವರಿನ ಕಡೆಯಂತೂ ಕೆನೆಗಟ್ಟಿತ್ತು. ಒಂದು ಬೆಳಿಗ್ಗೆ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲಿದವು, ವಾಸನೆ ನಿಮ್ಮ ಮಹಡಿಗೂ ಏರಿತು. ಗ್ರಹಚಾರ ನೋಡಿ, ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಮಹಾನವಮಿಯ ಕೌದಿ ಒಗೆತ ನಡೆದಿತ್ತು. ಟವರಿನ ಬಾಲ್ಕನಿಗಳಿಂದ ಜನ ಘಾಟಿನ ನೊರೆಯ ವಿಡಿಯೋ ಮಾಡಿದ್ದರು. ಸೊಸೈಟಿಯ ಗ್ರೂಪಿನಲ್ಲಿ ತೀರ್ಮಾನ ಆಗಿಹೋಯಿತು: ಚಾಳಿನ ಹೆಂಗಸರ ಸಾಬೂನಿನಿಂದ ಕೆರೆ ಸತ್ತಿತು. ಅವ್ವ ಕೇಳಿ ನಕ್ಕಳು. "ಇಷ್ಟು ವರ್ಷ ನಮ್ಮ ಸಾಬಾಣಕ್ಕ ಸಾಯದ ಮೀನ ಈಗ ಸತ್ತಾವ? ಬಿಲ್ಡಿಂಗ್ ಬಂದ ಮ್ಯಾಲೆ ಮೀನಿಗೂ ನಾಜೂಕ ಬಂತೇನ?" ನಾನೂ ನಕ್ಕೆ. ಸರ್ ಇದ್ದಾರಲ್ಲ, ಪರೀಕ್ಷೆ ಮಾಡಿ ಹೇಳುತ್ತಾರೆ ಬಿಡು ಎಂದೆ. ಹಾಗೆ ಅಂದದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಮಿಟಿಯವರು ನಿಮ್ಮಿಂದ ವರದಿ ಕೇಳಿದರು, ನೀವು ನನ್ನನ್ನು ಸಹಾಯಕ್ಕೆ ಕರೆದಿರಿ. ಪೈಪಿನ ಬಳಿ ಒಂದು ಬಾಟಲಿ, ಘಾಟಿನ ಬಳಿ ಒಂದು ಬಾಟಲಿ. ನೀರು ತಂದ ಕೂಡಲೇ ಸೋಸಬೇಕು, ತಡವಾದರೆ ಲೆಕ್ಕ ಕೆಡುತ್ತದೆ ಎಂಬುದು ನಿಮ್ಮ ಶಿಸ್ತು. ಹಾಗಾಗಿ ನಿಮ್ಮ ಊಟದ ಮೇಜಿನ ಮೇಲೆಯೇ ಕೈಪಂಪು ಇಟ್ಟು ಕೂತೆವು. ಘಾಟಿನ ನೀರು ಸರಾಗವಾಗಿ ಇಳಿಯಿತು, ಅಲ್ಲಿ ಬಂಡೆಯ ನೆರಳು, ಹಸಿರು ಕಡಿಮೆ. ಪೈಪಿನ ಕಡೆಯ ನೀರು ಇಳಿಯಲೊಲ್ಲದು. ಕಾಗದದ ಮೇಲೆ ಕಾಗದ ಬದಲಾಯಿಸಿದೆ, ಒಂದೊಂದೂ ಅಷ್ಟು ದಪ್ಪ ಹಸಿರು ಹೊತ್ತು ಬಂತು. ನಿಮ್ಮ ಮನೆಯವರು, ನಾನು ಆಂಟಿ ಎನ್ನುವ ಆ ತಾಯಿ, ಕಾಫಿ ತಂದು ಇಣುಕಿ ನೋಡಿ, "ಏನೇ ಇದು ಕಸ್ತೂರಿ, ಕೊತ್ತಂಬರಿ ಚಟ್ನಿ ಬಳಿದಂಗಿದೆ!" ಎಂದರು. ನಾವು ಮೂವರೂ ನಕ್ಕೆವು. ನಾನು ಆ ಕಾಗದಗಳನ್ನೂ ಪರೀಕ್ಷೆಗೆಂದು ಡಬ್ಬಿಗೆ ಹಾಕಿಡಲು ಹೋದೆ. ನೀವು ಕನ್ನಡಕ ಒರೆಸುತ್ತಾ, ನನ್ನ ಮುಖ ನೋಡದೆ ಹೇಳಿದಿರಿ: "ಅದು ಬೇಡ ಕಣಮ್ಮ. ಅವರು ಕೇಳಿರೋದು ನೀರಲ್ಲಿ ಕರಗಿರೋದು ಎಷ್ಟು ಅಂತ. ಪೇಪರ್ ಮೇಲಿರೋದನ್ನ ಯಾರೂ ಕೇಳಿಲ್ಲ." ನಾನು, "ಸರ್, ಹೊಟ್ಟೆ ನೋಡಬೇಡವೇ?" ಎಂದೆ. ನೀವು ಎದ್ದುಹೋಗಿ ಕಾಗದಗಳನ್ನು ಅಡುಗೆಮನೆಯ ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡಿರಿ.

ವರದಿಯನ್ನು ನಾನು ಓದಿದ್ದು ಟವರಿನ ನೋಟಿಸ್ ಬೋರ್ಡಿನಲ್ಲಿ. ಪೈಪಿನ ಬಳಿಯ ನೀರಿನಲ್ಲಿ ಕರಗಿದ ಫಾಸ್ಫೇಟ್ ಇಲ್ಲವೆನ್ನುವಷ್ಟು ಕಡಿಮೆ, ಘಾಟಿನ ಬಳಿ ಅದಕ್ಕಿಂತ ಹೆಚ್ಚು, ಆದ್ದರಿಂದ ಘಾಟಿನಲ್ಲಿ ಬಟ್ಟೆ ಒಗೆಯುವುದನ್ನು ನಿಲ್ಲಿಸುವುದು ಒಳಿತು. ಕೆಳಗೆ ನಿಮ್ಮ ದುಂಡು ಸಹಿ. ಆಹಾ, ಎಂಥ ವರದಿ! ಎಲ್ಲಿ ತಿಂದು ತೇಗಿ ಹೊಟ್ಟೆ ಒಡೆಯುವಷ್ಟಾಗಿದೆಯೋ ಅಲ್ಲಿ ತಟ್ಟೆ ಖಾಲಿ, ಎಲ್ಲಿ ತಿನ್ನುವವರೇ ಇಲ್ಲವೋ ಅಲ್ಲಿ ತಟ್ಟೆಯಲ್ಲಿ ನಾಲ್ಕು ಅಗುಳು. ಇಡೀ ಸತ್ಯವನ್ನು ಅಂಗಿಯ ಹಾಗೆ ಒಳಹೊರಗು ಮಾಡಿಟ್ಟಿದ್ದಿರಿ. ನಿಮ್ಮ ಮನೆಗೆ ನುಗ್ಗಿ ಬಂದೆ. ಆಂಟಿ ದೇವಸ್ಥಾನಕ್ಕೆ ಹೋಗಿದ್ದರು. ನೀವು ಸೋಫಾದಿಂದ ಏಳಲೂ ಇಲ್ಲ. "ಒಂದಾದ್ರೂ ಸುಳ್ಳು ಅಂಕಿ ತೋರಿಸು ಕಸ್ತೂರಿ" ಎಂದಿರಿ. ತೋರಿಸಲು ಎಲ್ಲಿತ್ತು? ಎಲ್ಲ ಅಂಕಿಯೂ ನಿಜವೇ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಿರಿ: "ನಾನು ಇಲ್ಲೇ ಇರಬೇಕಲ್ಲಮ್ಮ. ದಿನಾ ಇವರ ಮುಖಾನೇ ನೋಡಬೇಕು." ನಮ್ಮ ಮುಖ ನೋಡುವುದು ಬೇಡವಾಗಿತ್ತು ನಿಮಗೆ. ಅವ್ವನ ರೊಟ್ಟಿ ತಿಂದ ಬಾಯಿ ಸರ್ ಅದು!

ಗೇಟು ಹಾಕಲು ಬಂದ ದಿನ ಚಾಳಿನ ಹೆಂಗಸರು ಮೆಟ್ಟಿಲ ಮೇಲೆ ಕೂತರು. ಸೆಕ್ರೆಟರಿ ನಿಮ್ಮ ವರದಿಯ ಜೆರಾಕ್ಸ್ ಹಿಡಿದು ಬಂದಿದ್ದರು. "ನೋಡಿ ಮಾರಾಯ್ರೆ, ನಾವೆಂತ ಮಾಡುವುದು? ದೊಡ್ಡ ಸೈಂಟಿಸ್ಟ್ ಬರೆದು ಕೊಟ್ಟಿದ್ದಾರೆ. ಅದೂ ನಿಮ್ಮ ಮೇಲೆ ಪ್ರೀತಿ ಇರುವವರು." ಅವ್ವ ನನ್ನ ಕಡೆ ತಿರುಗಿ, "ಯಾವ ಮಾಸ್ತರ, ನಿಮ್ಮ ಮಾಸ್ತರೇನ?" ಎಂದಳು. ಹೂಂ ಎಂದೆ. ಅವಳು ಎದ್ದು ಮನೆಗೆ ನಡೆದಳು. ಉಳಿದವರೂ ಎದ್ದರು. ಪೊಲೀಸರೂ ಎಬ್ಬಿಸಲಾಗದವರನ್ನು ನಿಮ್ಮ ಹೆಸರು ಎಬ್ಬಿಸಿತು, ಅಷ್ಟು ಮರ್ಯಾದೆ ಇತ್ತು ನಿಮಗೆ ನಮ್ಮ ಚಾಳಿನಲ್ಲಿ.

ಬೇಸಿಗೆಯಲ್ಲಿ ಆಂಟಿ ಫೋನು ಮಾಡಿ, ನಿಮ್ಮನ್ನು ಪರೇಲಿನ ಆಸ್ಪತ್ರೆಗೆ ಸೇರಿಸಿದ್ದಾರೆ, ನಿಮ್ಮ ಹೃದಯ ಕೈಕೊಟ್ಟಿದೆ ಎಂದರು. ಬಂದೆ. ನಿಮ್ಮ ಮೂಗು ಬಾಯಿಗೆಲ್ಲ ನಳಿಗೆ. ಕಣ್ಣು ಬಿಟ್ಟು ನನ್ನನ್ನು ನೋಡಿದಿರಿ, ಏನೋ ಹೇಳಲು ಕೈ ಎತ್ತಿದಿರಿ. ಏನು ಹೇಳುವುದಿತ್ತು ಸರ್? ಕ್ಷಮಿಸು ಎಂದೇ? ಅಥವಾ ಅಂಕಿಯೆಲ್ಲ ನಿಜ ಎಂದು ಇನ್ನೊಮ್ಮೆಯೇ? ನರ್ಸ್ ಕೈ ಇಳಿಸಿದಳು. ಮಾರನೇ ದಿನ ನೀವಿಲ್ಲ. ಕನ್ನಡ ಸಂಘದವರ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಕೆರೆಗಳ ಋಷಿ ಎಂದರು, ಹನಿ ನೀರಿನಲ್ಲಿ ಬ್ರಹ್ಮಾಂಡ ಕಂಡವರು ಎಂದರು. ಆಂಟಿ ನನ್ನ ಕೈ ಹಿಡಿದು, "ನಿನ್ನನ್ನ ಮಗಳ ಥರ ನೋಡ್ಕೊಂಡ್ರು, ನೀನೂ ಎರಡು ಮಾತಾಡೇ" ಎಂದರು. ಮೈಕಿನ ಮುಂದೆ ನಿಂತು ಆ ಬಸುರಿ ನೀರುಚಿಗಟದ ಕತೆ ಹೇಳಿ ಇಳಿದುಬಂದೆ. ಜನ ಅತ್ತರು. ನನ್ನ ಕಣ್ಣು ಒಣಗಿತ್ತು.

ಶ್ರಾವಣದಲ್ಲಿ ವಾರ್ಡ್ ಆಫೀಸಿನಿಂದ ಕರೆ ಬಂತು. ಚಾಳಿನವರು ಗೇಟಿನ ವಿರುದ್ಧ ಅರ್ಜಿ ಹಾಕಿದ್ದರು. ನಾನು ಈ ಸಲ ಸೋಸದ ನೀರನ್ನು, ಹಸಿರಿನ ಸಮೇತ ಆಮ್ಲದಲ್ಲಿ ಕುದಿಸಿ, ಒಟ್ಟು ಫಾಸ್ಫೇಟ್ ಎಷ್ಟೆಂದು ನೋಡಿಕೊಂಡು ಹೋಗಿದ್ದೆ. ಪೈಪಿನ ಕಡೆಯದು ಘಾಟಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನೀವು ಕಲಿಸಿದ ತಟ್ಟೆ ಹೊಟ್ಟೆಯ ಮಾತಿನಲ್ಲೇ ವಿವರಿಸಿದೆ. ಅಧಿಕಾರಿ ಒಳ್ಳೆಯವರು, ಮರಾಠಿಯವರು, ಗಮನವಿಟ್ಟು ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: "ಫಿಲ್ಟರ್ ಮೇಲಿನದನ್ನು ಪ್ರೊಫೆಸರ್ ಸಾಹೇಬರು ತಿಳಿಯದೆ ಬಿಟ್ಟರೋ, ತಿಳಿದೂ ಬಿಟ್ಟರೋ? ತಿಳಿಯದೆ ಬಿಟ್ಟಿದ್ದರೆ ಇದು ವಿಜ್ಞಾನಿಗಳ ಅಭಿಪ್ರಾಯಭೇದ, ಇನ್ನೊಂದು ಸಮಿತಿ ನೋಡಲಿ, ಅಲ್ಲಿಯವರೆಗೆ ಗೇಟು ಇರಲಿ. ತಿಳಿದೂ ಬಿಟ್ಟಿದ್ದರೆ ಆ ವರದಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಗೇಟು ಇವತ್ತೇ ತೆಗೆಸುತ್ತೇನೆ." ಬಾಯಿಯ ತುದಿಯಲ್ಲಿತ್ತು ಸರ್. ಎರಡನೇ ಸಾಲಿನಲ್ಲಿ ಆಂಟಿ ಕೂತಿದ್ದರು. ನಿಮ್ಮ ವರದಿಯ ಪರವಾಗಿ ಸೊಸೈಟಿಯವರು ಅವರನ್ನು ಕರೆತಂದಿದ್ದರು. ಕುಂಕುಮವಿಲ್ಲದ ಹಣೆ, ನನ್ನನ್ನು ನೋಡಿ ಸಣ್ಣಗೆ ನಕ್ಕರು. "ಗೊತ್ತಿಲ್ಲ" ಎಂದೆ. ಸೆಕ್ರೆಟರಿ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿಸಿತು. ಗೇಟು ಉಳಿಯಿತು, ಇನ್ನೊಂದು ಹಿಯರಿಂಗ್ ಇಡುತ್ತೇವೆ ಎಂದರು. ಬದುಕಿದ್ದಾಗ ನೀವು ಸುಮ್ಮನಿದ್ದಿರಿ, ಸತ್ತಮೇಲೆ ನನ್ನ ಬಾಯಿಗೂ ಬೀಗ ಹಾಕಿಸಿದಿರಿ. ಚಾಳಿನಲ್ಲಿ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ, ಅವ್ವ ಮಾತ್ರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಈ ಮಹಾನವಮಿಗೆ ಘಾಟಿನಲ್ಲಿ ಒಂದು ಕೌದಿಯೂ ನೆನೆಯಲಿಲ್ಲ. ಹೆಂಗಸರು ನಲ್ಲಿ ನೀರು ಬಂದ ಹೊತ್ತಿಗೆ ಬಕೆಟ್ಟಿನಲ್ಲಿ ಅದ್ದಿದ ಶಾಸ್ತ್ರ ಮಾಡಿದರು, ಕೆಲವರು ಕೌದಿಯನ್ನು ಬಿಸಿಲಿಗೆ ಹಾಕಿ ಕೈಮುಗಿದು ಬಿಟ್ಟರು. ಅವ್ವ ಒಗೆಯದ ಕೌದಿಗಳನ್ನು ಮಾಳಿಗೆಯ ಮೇಲೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟಳು, ಮನೆಯೊಳಗೆ ಮೈಲಿಗೆ ಬೇಡವೆಂದು. ಘಾಟಿನ ಮೆಟ್ಟಿಲು ಒಣಗಿ ಬಿಳಿಚಿಕೊಂಡಿತ್ತು. ಮತ್ತೆ ಕೆರೆ? ಅಕ್ಟೋಬರಿನ ಬಿಸಿಲು ಬಿದ್ದದ್ದೇ ತಡ, ಹೋದ ವರ್ಷಕ್ಕಿಂತ ಹಸಿರು. ಸಣ್ಣ ಬಲೆ ಹಾಕಿ ತೆಗೆದು ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದೆ: ಬರೀ ಅದೇ ಅಂಟಂಟು ಹಸಿರು ಗುಂಪು, ನಿಮ್ಮ ನೀರುಚಿಗಟ ಒಂದಾದರೂ ಇರಲಿ ಎಂದು ಹುಡುಕಿದೆ, ಇಲ್ಲ. ಸೆಕ್ರೆಟರಿಯನ್ನು ಗೇಟಿನ ಬಳಿ ಹಿಡಿದು, ಈಗ ಯಾರ ಸಾಬೂನು ಎಂದು ಕೇಳಿದೆ. "ಹಳೇ ಸಾಬೂನು ತಳದಲ್ಲಿ ಉಂಟಲ್ಲ ಮೇಡಂ. ಕೆಸರಿನಿಂದ ವರ್ಷಗಟ್ಟಲೆ ಮೇಲೆ ಬರ್ತದೆ ಅಂತ ಪ್ರೊಫೆಸರೇ ಹೇಳಿದ್ದು" ಎಂದರು. ನೀವು ನಿಜವಾಗಿ ಹೇಳಿದ್ದೇ ಇರಬೇಕು. ನಿಮ್ಮ ಪಾಠ ಅಷ್ಟು ಚೆನ್ನಾಗಿ ಇನ್ಯಾರಿಗೆ ಉಪಯೋಗವಾಗಿದೆ ಹೇಳಿ?

ನಿನ್ನೆ ಬೆಳಿಗ್ಗೆ ಆಂಟಿ ಫೋನು ಮಾಡಿದರು. ಚಾಳಿನ ಕಡೆ ಹೂ ತರಲು ಹೋಗಿದ್ದಾಗ ಅವ್ವ ಸಿಕ್ಕಿದ್ದಳಂತೆ, ಮಾಳಿಗೆಯ ಕೌದಿಯ ಸುದ್ದಿ ಬಂದಿದೆ. "ಅಷ್ಟು ದೊಡ್ಡ ಬಾತ್‌ರೂಮ್ ಖಾಲಿ ಬಿದ್ದಿದೆ ಕಣೇ. ನಿಮ್ಮಮ್ಮನ್ನೂ ಕರ್ಕೊಂಡು ಬಾ, ಇಲ್ಲೇ ಒಗೆದು ಹಾಕೋಣ. ದೀಪಾವಳಿಗಾದ್ರೂ ಮಡಿ ಆಗಲಿ." ಅವ್ವ ಮೊದಲು ಒಲ್ಲೆ ಎಂದಳು. ಆಮೇಲೆ ಏನು ಅನ್ನಿಸಿತೋ, ಗಂಟು ಕಟ್ಟಿದಳು. ವಾಚ್‌ಮನ್ ಸರ್ವಿಸ್ ಲಿಫ್ಟಿನಲ್ಲಿ ಹೋಗಿ ಎಂದ, ಹೋದೆವು. ಹಿರಿಯರಿಬ್ಬರೂ ಸೀರೆ ಎತ್ತಿ ಕಟ್ಟಿ ನಿಮ್ಮ ಹೊಳೆಯುವ ಬಾತ್‌ರೂಮಿನಲ್ಲಿ ಕೌದಿ ತುಳಿದರು. ಅವ್ವ, "ಜೋರ ತುಳೀರಿ ಅಕ್ಕಾರ, ಇದು ನಿಮ್ಮ ಮೈಸೂರ ಮಲ್ಲಿಗಿ ಅಲ್ಲ!" ಎಂದರೆ ಆಂಟಿ ನಗುತ್ತಾ ಬೀಳುವ ಹಾಗಾದರು. ನೀವು ಹೋದಮೇಲೆ ಅವರು ಹಾಗೆ ನಕ್ಕದ್ದು ನಾನು ನೋಡಿರಲಿಲ್ಲ.

ಕಪ್ಪು ನೊರೆ ಸುತ್ತಿಕೊಂಡು ಜಾಲರಿಯೊಳಗೆ ಇಳಿಯುತ್ತಿತ್ತು. ಆಂಟಿ ಅದನ್ನೇ ನೋಡುತ್ತಾ ನಿಂತರು. "ಈ ನೀರು ಎಲ್ಲಿಗೆ ಹೋಗತ್ತೆ ಕಸ್ತೂರಿ?"

"ಕೆಳಗೆ ಪ್ಲಾಂಟಿಗೆ ಆಂಟಿ. ಅಲ್ಲಿಂದ ಪೈಪಿಗೆ, ಪೈಪಿನಿಂದ ಕೆರೆಗೆ."

"ಸಾಬೂನು ಅಲ್ಲಿ ಸೋಸಿಹೋಗಲ್ವಾ?"

"ಪ್ಲಾಂಟು ಓಡಿದ ದಿನವೂ ಫಾಸ್ಫೇಟ್ ಪೂರ್ತಿ ಹೋಗಲ್ಲ. ಓಡದ ದಿನ ಇದ್ದದ್ದು ಇದ್ದಂಗೇ."

"ಅಂದ್ರೆ ಇವರು ಅಲ್ಲಿ ಒಗೆದ್ರೂ ಅಲ್ಲಿಗೇ, ನಾನು ಇಲ್ಲಿ ಒಗೆದ್ರೂ..." ಅವ್ವ ಕಾಲು ಎತ್ತಿ ಪಕ್ಕಕ್ಕೆ ಸರಿದಳು. ಮೂರು ಟವರಿನ ಅಷ್ಟೂ ಮನೆಗಳ ಬಚ್ಚಲು, ವಾಷಿಂಗ್ ಮೆಷಿನ್ನು, ಪಾತ್ರೆ ತೊಳೆದ ನೀರು, ವರ್ಷದ ಎಲ್ಲ ದಿನವೂ... ಆ ಲೆಕ್ಕವನ್ನು ಅವರು ಮನಸ್ಸಿನಲ್ಲೇ ಮಾಡುವುದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದರು. "ಆ ಹಸಿರು ಪೇಪರ್ ಇದ್ದ ಕಸದ ಬುಟ್ಟೀನ ನಾನೇ ಖಾಲಿ ಮಾಡಿದ್ದು. ಅವತ್ತಿಂದ ಕೇಳ್ಬೇಕು ಅಂತಿದ್ದೆ. ಆ ಆಫೀಸಲ್ಲಿ ನೀನು ಗೊತ್ತಿಲ್ಲ ಅಂದಾಗ ನನ್ನನ್ನ ನೋಡ್ದೆ. ಈಗ ನನಗೋಸ್ಕರ ಸುಳ್ಳು ಹೇಳ್ಬೇಡ. ನಮ್ಮ ಯಜಮಾನ್ರಿಗೆ ಅದು ಗೊತ್ತಿತ್ತಾ?"

ಹೇಳಿಬಿಟ್ಟೆ ಸರ್. "ಗೊತ್ತಿತ್ತು ಆಂಟಿ. ನಮಗೆ ಕಲಿಸಿದ್ದೇ ಅವರು."

ಅವರು ಅಳಲಿಲ್ಲ. ನಲ್ಲಿ ನಿಲ್ಲಿಸಿದರು. ನೆನೆದ ಕೌದಿಯ ಒಂದು ತುದಿ ಅವ್ವನ ಕೈಗೆ ಕೊಟ್ಟು ಇನ್ನೊಂದು ತುದಿ ತಾವು ಹಿಡಿದು, 'ಹಿಂಡಿ' ಎಂದರು. ನೀರು ಸುರಿದು ನಿಲ್ಲುವವರೆಗೆ ಇಬ್ಬರೂ ತಿರುಚಿದರು. ಬಾಲ್ಕನಿಯ ಕಂಬಿಗೆ ಕೌದಿ ಹಾಕುವಾಗ ಕೆಳಗಿನ ಫ್ಲ್ಯಾಟಿನವರು ಹನಿ ಬೀಳುತ್ತದೆ ಎಂದು ಕೂಗಿದರು. ಆಂಟಿ ಬಗ್ಗಿ, "ಬೀಳ್ಲಿ ಬಿಡಿ, ಒಗೆದ ನೀರು!" ಎಂದು ತಿರುಗಿ ಕೂಗಿದರು. ಅವರ ಗಂಟಲಲ್ಲಿ ಅಷ್ಟು ದನಿ ಇದೆ ಎಂದು ನಿಮಗಾದರೂ ಗೊತ್ತಿತ್ತೋ ಇಲ್ಲವೋ. ಬಾಗಿಲಲ್ಲಿ ನಾನು ಚಪ್ಪಲಿ ಮೆಟ್ಟುವಾಗ ಕೇಳಿದರು: "ಮುಂದಿನ ಹಿಯರಿಂಗ್ ಸೋಮವಾರ ಅಲ್ವಾ? ಎಷ್ಟೊತ್ತಿಗೆ?"

ಹನ್ನೊಂದಕ್ಕೆ ಎಂದೆ.

"ಸೊಸೈಟಿಯವರ ಕಾರು ಬೇಡ ಅಂತ ಹೇಳಿದೀನಿ. ನಿಮ್ಮ ಜೊತೆ ಆಟೋದಲ್ಲಿ ಬರ್ತೀನಿ. ನೀನು ಸುಮ್ನಿರು, ಈ ಸಲ ನಾನೇ ಹೇಳ್ತೀನಿ."

ಇಷ್ಟೇ ಸುದ್ದಿ ಸರ್.

ಕಸ್ತೂರಿ